ಬತ್ತಿದ ಹಸುವಿನ ಹಾಲು

ಅಮ್ಮನ ಕ್ಯಾನ್ಸರ್ ಮಾತ್ರೆ ತರಲು ನಾನು ಪ್ರತಿ ತಿಂಗಳೂ ಕಾಮಸಮುದ್ರದ ಹತ್ತಿರದ ನಮ್ಮ ಹಳ್ಳಿಯಿಂದ ಬಂಗಾರಪೇಟೆಗೆ ಬಸ್ಸು ಹತ್ತುತ್ತಿದ್ದೆ. ಅದರ ಖರ್ಚಿಗೆ ಇದ್ದದ್ದು ಹಾಲಿನ ದುಡ್ಡೊಂದೇ. ಹಸು ತುಂಬು ಗಬ್ಬವಾಗಿ ಹಾಲು ಬತ್ತಿದಾಗ ಅದೂ ನಿಂತಿತೆಂದುಕೊಂಡೆ. ಆದರೆ ಡೇರಿಯ ಬಟವಾಡೆಯಲ್ಲಿ ಅಮ್ಮನ ಹೆಸರಿಗೆ ಎಂದಿಗಿಂತ ಹೆಚ್ಚೇ ಹಣ ಬಂತು.

ಯಾರದೋ ದುಡ್ಡು ನಮಗೆ ಬಂದಿದೆ, ನಾಳೆ ಕಳ್ಳರೆನ್ನುತ್ತಾರೆ ಎಂದು ಹೆದರಿ, ಹೋಗಿ ಡೇರಿಯ ಕಾರ್ಯದರ್ಶಿಯ ಮೇಲೆ ರೇಗಿದೆ.

"ಲೆಕ್ಕ ಬರಿಯಾಕೆ ಬರಲ್ವಾ ನಿಂಗೆ? ನಮ್ಮಸು ಆಲು ನಿಲ್ಸಿ ತಿಂಗ್ಳಾಯ್ತು."

ಆತ ತಲೆ ಎತ್ತದೆ ಹಾಲು ಅಳೆಯುತ್ತಲೇ ಹೇಳಿದ. "ಲೆಕ್ಕ ಸರಿಯಾಗೈತೆ ಕಣಕ್ಕಾ. ಬೀದಿಯೋರು ತಮ್ಮ ಆಲಲ್ಲಿ ಒಂದೊಂದು ಲೀಟ್ರು ನಿಮ್ಮಮ್ಮನ ನಂಬರ್‌ಗೆ ಬರೆಸ್ತಾವ್ರೆ, ಮಾತ್ರೆಗಾಗ್ಲಿ ಅಂತ."

"ಯಾರ್ಯಾರು?"

"ಕ್ಯಾನಿಗೆ ಬಿದ್ಮೇಲೆ ಯಾರ ಆಲು ಅಂತ ಎಂಗೇಳ್ಲಿ?"

ಈಗ ಅಮ್ಮ ಚೆನ್ನಾಗಿದ್ದಾಳೆ. ಹಸುವೂ ಕರು ಹಾಕಿದೆ. ಆ ಹೆಸರುಗಳನ್ನು ಮಾತ್ರ ಆತ ಇವತ್ತಿಗೂ ಬಾಯಿಬಿಟ್ಟಿಲ್ಲ. ಊರಿಗೆಲ್ಲ ಜಗಳಗಂಟಿ ಎನಿಸಿಕೊಂಡಿದ್ದ ನಾನು ಅಂದಿನಿಂದ ನಮ್ಮ ಬೀದಿಯಲ್ಲಿ ಯಾರ ಮೇಲೂ ದನಿ ಎತ್ತುವಂತಿಲ್ಲ.