ಮೊಬೈಲಿಗೆ ಮುಖಮಾಡಿ ಅತ್ತ ದಿನ

ಹುಣಸೂರು, ಪಿರಿಯಾಪಟ್ಟಣ ಕಡೆಯ ಊರುಗಳಲ್ಲಿ ಗಂಡಸರು ನಾಟಕ ಕಲಿತರೆ ಹೆಣ್ಣುಪಾತ್ರಕ್ಕೆ ನನ್ನನ್ನು ಕರೆಸುತ್ತಿದ್ದರು. ತುಂಬಿದ ಮೈದಾನಕ್ಕೆ ನಾನು ಹೆದರಿದವಳಲ್ಲ. ಹೆದರಿಕೆ ಶುರುವಾದದ್ದು ಕೊರೋನಾ ಕಾಲದಲ್ಲಿ, ನಾಟಕ ಮೊಬೈಲಿಗೆ ಬಂದ ಮೇಲೆ.

ಅದು ಬಿಳಿಕೆರೆಯ ಒಂದು ಸಮುದಾಯ ಭವನ. ದೂರದೂರ ಹಾಕಿದ ಕುರ್ಚಿಗಳಲ್ಲಿ ಒಂದಷ್ಟು ಜನ. ಉಳಿದವರೆಲ್ಲ ಮನೆಯಲ್ಲೇ ಕೂತು ಲೈವ್ ನೋಡುವವರು. ರಂಗದ ಮುಂದೆ ಸ್ಟ್ಯಾಂಡಿಗೆ ಸಿಕ್ಕಿಸಿದ ಮೊಬೈಲು. ನಾಟಕ ಕಲಿಸಿದ ಹಾರ್ಮೋನಿಯಂ ಮೇಷ್ಟ್ರು ಮೊದಲೇ ಎಚ್ಚರಿಸಿದ್ದರು: "ನೋಡವ್ವ, ಅಳೋವಾಗ ಮೊಕ ಮೊಬೈಲ್ ಕಡೀಕೆ ಇರ್ಲಿ. ಅತ್ತಾಗಿತ್ತಾಗೆ ತಿರುಗಿದ್ರೆ ಮನೇಲಿರೋರ್ಗೆ ಬರೀ ನಿನ್ ಜಡೆ ಕಾಣ್ತದೆ."

ಆ ಕಪ್ಪು ಗಾಜೇ ನನ್ನ ಹೆದರಿಕೆ. ಮೈದಾನದ ಜನ ಬೇಸರವಾದರೆ ಕೆಮ್ಮುತ್ತಾರೆ, ಮೆಚ್ಚಿದರೆ ಶಿಳ್ಳೆ ಹಾಕುತ್ತಾರೆ. ಇದು ಏನೂ ಹೇಳದು. ಸುಮ್ಮನೆ ನೋಡುತ್ತಲೇ ಇರುತ್ತದೆ.

ಯುದ್ಧದಲ್ಲಿ ಬಾಣ ತಗುಲಿ ರಾಜ ಬೀಳಬೇಕು, ರಾಣಿಯಾದ ನಾನು ಪಕ್ಕದಲ್ಲಿ ಕೂತು ಹಾಡಿ ಅಳಬೇಕು. ರಾಜನ ಪಾತ್ರದವರು ರಾವಂದೂರು ಕಡೆಯ ರೈತರು, ಸಕ್ಕರೆ ಕಾಯಿಲೆಯವರು. ಅವತ್ತು ಬಣ್ಣ ಹಚ್ಚಿಕೊಳ್ಳುವ ಗಡಿಬಿಡಿಯಲ್ಲಿ ಊಟ ಬಿಟ್ಟಿದ್ದರಂತೆ. ನಮಗೆ ಗೊತ್ತಾದದ್ದು ಆಮೇಲೆ. ಅವರು ಎಡಕ್ಕೆ ಧೊಪ್ಪನೆ ಬಿದ್ದರು. ಜನ ಚಪ್ಪಾಳೆ ತಟ್ಟಿದರು. ನಾನು ಮೊಬೈಲಿಗೆ ಮುಖ ಕೊಟ್ಟು ಹಾಡತೊಡಗಿದೆ.

ಪಲ್ಲವಿ ಮುಗಿಯುವುದರೊಳಗೆ ಮೇಷ್ಟ್ರ ಜೇಬಿನ ಫೋನು ಹೊಡೆದುಕೊಂಡಿತು. ನಿಂತಿತು, ಮತ್ತೆ ಹೊಡೆದುಕೊಂಡಿತು. ಸಿಟ್ಟಿನಿಂದ ಆಫ್ ಮಾಡಲು ತೆಗೆದವರು, ರಾಜನ ಪಾತ್ರದವರ ಹೆಂಡತಿಯ ಹೆಸರು ನೋಡಿ ಕಿವಿಗಿಟ್ಟರು. ಹಾರ್ಮೋನಿಯಂ ನಿಂತಿತು. ಆಕೆಯ ಕೂಗು ನನಗೂ ಕೇಳಿಸಿತು.

"ನಿಲ್ಸಿ ಮೇಷ್ಟ್ರೇ! ನಮ್ಮನೆಯವ್ರು ಬಿದ್ದಿರದು ನಾಟ್ಕ ಅಲ್ಲ ಕಣ್ರೀ! ಎಡಭುಜ ಮುರ್ದು ಕೂಡಿರದು, ಯಾವತ್ತೂ ಆ ಕಡೀಕೆ ಬೀಳಕಿಲ್ಲ ಅವ್ರು!"

ತಿರುಗಿ ಅವರ ಕೈ ಮುಟ್ಟಿದೆ. ಬೆವರಿ ತಣ್ಣಗಾಗಿತ್ತು. "ಅಣ್ಣಾ, ಅಣ್ಣಾ" ಎಂದು ಅಲುಗಾಡಿಸಿದೆ. ಅದನ್ನೂ ಅಭಿನಯವೆಂದುಕೊಂಡು ಯಾರೋ ಮತ್ತೆ ಚಪ್ಪಾಳೆ ತಟ್ಟಿದರು. ಆ ಸದ್ದಿಗೆ ಹೆದರಿದಷ್ಟು ನಾನು ಎಂದೂ ಹೆದರಿಲ್ಲ.

"ಯಾರಾದ್ರೂ ಬರ್ರೋ, ನಿಜ್ವಾಗ್ಲೂ ಬಿದ್ದೋಗವ್ರೆ!" ಎಂದು ಕಿರುಚಿದೆ.

ನಾಟಕ ನೋಡಲು ಬಂದಿದ್ದ ನರ್ಸಮ್ಮ ಒಬ್ಬರು ಓಡಿಬಂದರು. ಕಿರೀಟ, ಎದೆಕವಚ ಬಿಚ್ಚಿಸಿ, ಪಕ್ಕಕ್ಕೆ ಹೊರಳಿಸಿ, ಸಕ್ಕರೆ ಕಾಯಿಲೆಯೆಂದು ಕೇಳಿ ತಿಳಿದು, ರಕ್ತದಲ್ಲಿ ಸಕ್ಕರೆ ಇಳಿದಿರಬೇಕೆಂದು ಟೀಗೆ ತಂದಿದ್ದ ಸಕ್ಕರೆಯನ್ನು ಒದ್ದೆ ಬೆರಳಲ್ಲಿ ವಸಡಿಗೆ ಉಜ್ಜಿದರು. ಇನ್ನೊಬ್ಬರು ಕಾರು ತರಲು ಓಡಿದರು. ಬಹಳ ಹೊತ್ತಿನ ಮೇಲೆ ರಾಜನ ರೆಪ್ಪೆ ಅಲುಗಿತು.

"ಸೀನ್ ಮುಗೀತಾ?" ಎಂದರು.

ಮೇಷ್ಟ್ರು ಫೋನಿನಲ್ಲಿ, "ಕಣ್ ಬುಟ್ರು ಕಣವ್ವ, ಮಾತಾಡ್ತಾವ್ರೆ" ಎಂದರೆ ಆಕೆ ನಂಬಲೊಲ್ಲರು.

"ಸುಳ್ ಯೋಳ್ಬೇಡಿ! ಇಲ್ಲಿ ಇನ್ನೂ ಅಂಗೇ ಬಿದ್ದವ್ರೆ!"

ಲೈವಿನ ಚಿತ್ರ ಆಕೆಗೆ ತಡವಾಗಿ ಮುಟ್ಟುತ್ತಿತ್ತು. ನಮ್ಮೆದುರು ಮಾತಾಡುತ್ತಿದ್ದ ಮನುಷ್ಯ ಆಕೆಯ ಅಂಗೈಯಲ್ಲಿ ಇನ್ನೂ ಎಚ್ಚರ ತಪ್ಪಿಯೇ ಇದ್ದರು. ನಾನು ಫೋನು ಕಿತ್ತುಕೊಂಡು ಅವರ ಬಾಯಿಗೆ ಹಿಡಿದೆ. "ಇವ್ನಿ ಕಣಮ್ಮಿ, ಸುಮ್ಕಿರು" ಅಂದರು. ಆ ಕಡೆಯಿಂದ ಬರೀ ಅಳು.

ಮರುದಿನ ಹುಣಸೂರಿನ ಆಸ್ಪತ್ರೆಯಿಂದ ಮನೆಗೆ ಹೋದರು. ಈಗಲೂ ಅವರೇ ರಾಜ, ನಾನೇ ರಾಣಿ; ಎದುರಿಗೂ ಜನ, ಲೈವಿನಲ್ಲೂ ಜನ. ಹಾಡುವ ಮೊದಲು ಸತ್ತ ರಾಜನ ಬೆರಳು ಹಿಡಿದುಕೊಳ್ಳುತ್ತೇನೆ. ಅವರು ಮೆಲ್ಲಗೆ ಅಮುಕಬೇಕು. ಅಮುಕುವ ತನಕ ನನಗೆ ಧ್ವನಿಯೇ ಏಳುವುದಿಲ್ಲ.