ಜಾರುವ ಚಕ್ರ ಬೇಡ ಅಂದವಳು

ಮಳವಳ್ಳಿಯಲ್ಲಿ ಅಪ್ಪನ ಸೈಕಲ್ ಶಾಪನ್ನು ಈಗ ನಡೆಸುವವಳು ನಾನು. ಏಳನೇ ಕ್ಲಾಸಿಗೇ ಶಾಲೆ ಬಿಟ್ಟವಳು. ತಂಗಿ ಮಂಡ್ಯದಲ್ಲಿ ಇಂಜಿನಿಯರಿಂಗ್ ಓದುತ್ತಾಳೆ. ಹೋದ ವರ್ಷ ಅವಳ ಕಾಲೇಜಿನ ತಂಡ ಸ್ಪರ್ಧೆಗೆಂದು ಒಂದು ರೋಬೋಟ್ ಕಟ್ಟಿತು. ಅದಕ್ಕೆ ಎಂಥ ಚಕ್ರ ಬೇಕು, ಮೋಟಾರಿನ ಶಕ್ತಿಯನ್ನು ಚಕ್ರಕ್ಕೆ ಹೇಗೆ ದಾಟಿಸಬೇಕು ಎಂದು ತೀರ್ಮಾನಿಸುವ ಕೆಲಸ ತಂಗಿಯದು. ತಂಡದಲ್ಲಿ ಅವಳಿಗೆ ಸಿಕ್ಕ ಮೊದಲ ದೊಡ್ಡ ಕೆಲಸ ಅದು.

ನನ್ನನ್ನು ಕೇಳೋಣವೆಂದು ರೋಬೋಟಿನ ಚೌಕಟ್ಟು, ಮೋಟಾರು ಹೊತ್ತು ಅಂಗಡಿಗೆ ಬಂದಳು. ಸೈಕಲ್ ಚೈನು ಹಾಕುವುದೆಂದು ಇಬ್ಬರೂ ಒಪ್ಪಿದೆವು. ಜಗಳ ಬಂದದ್ದು ಚಕ್ರಕ್ಕೆ. ಮುಂದಿನ ಎರಡು ಚಕ್ರಗಳ ಅಂಚಿನ ಸುತ್ತ ಸಣ್ಣ ಸಣ್ಣ ಉರುಳೆಗಳಿರಬೇಕು, ಆಗ ಚಕ್ರ ಅಡ್ಡಕ್ಕೂ ಜಾರುತ್ತದೆ, ತಿರುಗುವುದು ಸಲೀಸು ಎಂದಳು ತಂಗಿ.

"ಬೇಕಂತ ಜಾರೋ ಚಕ್ರ ಯಾರಾರ ಆಕ್ಕತ್ತಾರೇನೇ?"

"ಲೆಕ್ಕ ಆಕಿವ್ನಿ ಕಣಕ್ಕ. ನಾಕೂ ರಬ್ಬರ್ ಚಕ್ರ ಆದ್ರೆ ತಿರುಗಾಕಿಲ್ಲ ಅದು."

"ನಿನ್ ಲೆಕ್ಕ ಪುಸ್ತಕದಲ್ಲಿ ಓಡ್ತದೆ ಬುಡು. ಚಕ್ರ ನೆಲದ್ ಮ್ಯಾಲೆ ಓಡ್ಬೇಕು."

ರೋಬೋಟಿಗೆ ಮಕ್ಕಳ ಸೈಕಲ್ಲಿನ ನಾಲ್ಕು ರಬ್ಬರ್ ಚಕ್ರ ಕೂಡಿಸಿ, ಅಂಗಡಿ ಮುಂದಿನ ಮಣ್ಣಿನಲ್ಲಿ ಓಡಿಸಿ ತೋರಿಸಿದೆ. ಅಕ್ಕಿ ಚೀಲ ತಳ್ಳಿತು, ತಿರುಗಿತು ಕೂಡ. ಅವಳು ಒಪ್ಪಲಿಲ್ಲ. ಬೆಂಗಳೂರಿನ ಅಂಗಡಿಯೊಂದಕ್ಕೆ ಹೇಳಿ, ಚೈನಿನ ಹಲ್ಲುಗಾಲಿ ನಾನೇ ಕೂಡಿಸಿಕೊಡಲೆಂದು ತನ್ನ ಚಕ್ರಗಳನ್ನು ಮಳವಳ್ಳಿ ಬಸ್ಸಿನ ಡ್ರೈವರ್ ಕೈಲಿ ನಮ್ಮ ಅಂಗಡಿಗೆ ಕಳಿಸಲು ಏರ್ಪಾಟು ಮಾಡಿದಳು.

ಸ್ಪರ್ಧೆಗೆ ಎರಡು ದಿನ ಇರುವಾಗ ಡ್ರೈವರ್ ಪೆಟ್ಟಿಗೆ ಕೊಟ್ಟು ಹೋದ. ನಾನು ಅದನ್ನು ಹಳೇ ಟ್ಯೂಬುಗಳ ಹಿಂದೆ ತಳ್ಳಿದೆ. ಇಪ್ಪತ್ತು ವರ್ಷ ಚಕ್ರ ಬಿಚ್ಚಿ ಜೋಡಿಸಿದ ಕೈ ಇದು. ಒಂದು ಸಲವಾದರೂ ಓದಿದವರ ನಡುವೆ ನನ್ನ ಮಾತು ಗೆಲ್ಲಲಿ ಅನ್ನಿಸಿತು.

ತಂಗಿ ಫೋನ್ ಮಾಡಿದಳು. "ಬಸ್ಸಿಗ್ ಆಕಿವ್ನಿ ಅಂತಾನೆ ಅಂಗಡಿಯೋನು. ಬಂತಾ ಅಕ್ಕ?"

"ಇಲ್ಲ ಕಣೇ. ನಾನ್ ಕೊಟ್ಟ ರಬ್ಬರ್ ಚಕ್ರನೇ ಇರ್ಲಿ ಬುಡು, ಏನೂ ಆಗಾಕಿಲ್ಲ."

ಸ್ಪರ್ಧೆ ನೋಡಲು ನಾನೂ ಮಂಡ್ಯಕ್ಕೆ ಹೋದೆ. ಅಲ್ಲಿನ ಸಭಾಂಗಣದ ನೆಲಕ್ಕೆ ರಬ್ಬರ್ ಮ್ಯಾಟ್ ಹಾಸಿದ್ದರು. ರೋಬೋಟ್ ನೇರಕ್ಕೆ ಚೆನ್ನಾಗಿಯೇ ಓಡಿತು. ತಿರುಗಿಸಿದಾಗ ನಾಲ್ಕೂ ಚಕ್ರ ಮ್ಯಾಟನ್ನು ಕಚ್ಚಿಕೊಂಡವು. ಅದು ಇದ್ದಲ್ಲೇ ಕುಪ್ಪಳಿಸಿತು, ಮೋಟಾರು ಸುಟ್ಟ ವಾಸನೆ ಬಂತು, ನಿಂತುಹೋಯಿತು. ನಮ್ಮ ಅಂಗಡಿ ಮುಂದಿನ ಸಡಿಲ ಮಣ್ಣು ಚಕ್ರವನ್ನು ಜಾರಲು ಬಿಟ್ಟಿತ್ತು, ಅಷ್ಟೇ.

"ಬೇರೆ ಚಕ್ರ ತರ್ಸ್ತೀನಿ ಅಂದಿದ್ದೆ, ಎಲ್ಲಿ ಅವು?" ಎಂದ ತಂಡದವನೊಬ್ಬ.

"ದಾರೀಲಿ ಕಳದೋಗವೆ," ಎಂದಳು ತಂಗಿ.

"ಬಸ್ಸಲ್ ತರ್ಸು ಅಂತ ಯಾರ್ ಯೋಳಿದ್ರು ನಿಂಗೆ?"

ಅವಳು ತಲೆ ತಗ್ಗಿಸಿದಳು. ಪಕ್ಕದಲ್ಲೇ ಇದ್ದ ನಾನು ಬಾಯಿ ಬಿಡಲಿಲ್ಲ.

ಈ ವರ್ಷ ಹೊಸ ರೋಬೋಟ್ ಶುರುವಾಯಿತು. ಊರಿಗೆ ಬಂದ ತಂಗಿಯನ್ನು, ಅದರಲ್ಲಿ ನಿನ್ನ ಕೆಲಸ ಏನು ಎಂದು ಕೇಳಿದೆ.

"ರಿಪೋರ್ಟ್ ಬರ್ಯೋದು. ಟೈಮಿಗ್ ಸಾಮಾನ್ ತರ್ಸಕ್ಕಾಗ್ದೋಳ್ಗೆ ಚಕ್ರದ್ ಕೆಲ್ಸ ಕೊಡಾಕಿಲ್ವಂತೆ. ಅವ್ರು ಯೋಳೋದೂ ಸರಿಯೇ ಬುಡಕ್ಕ."

ಆ ಮಾತು ಕೇಳಿ ತಡೆಯಲಾಗಲಿಲ್ಲ. ಪೆಟ್ಟಿಗೆಯನ್ನು ತಂದು ಅವಳ ಮುಂದಿಟ್ಟು ನಡೆದದ್ದೆಲ್ಲ ಹೇಳಿದೆ. ಅವಳು ಚಕ್ರವನ್ನು ಹೊರತೆಗೆದು ಒಂದು ಉರುಳೆಯನ್ನು ಬೆರಳಿನಿಂದ ತಿರುಗಿಸಿದಳು.

"ನಂಗ್ ಯೋಳ್ಬುಟ್ರೆ ಆಗೋಯ್ತಾ? ಅವ್ರಿಗ್ ಬಂದ್ ಯೋಳು."

ಮರುದಿನ ಅಂಗಡಿ ಮುಚ್ಚಿ ಅವಳ ಜೊತೆ ಮಂಡ್ಯಕ್ಕೆ ಹೋದೆ. ಕಾಲೇಜಿನ ಕೋಣೆಯಲ್ಲಿ ತಂಡದ ಆರೇಳು ಮಂದಿ ಇದ್ದರು. ಚಕ್ರಗಳು ಬಂದಿದ್ದವು, ಬಚ್ಚಿಟ್ಟವಳು ನಾನು, ಇವಳ ಲೆಕ್ಕ ಸರಿಯಾಗಿತ್ತು ಎಂದೆ. ಒಬ್ಬ ಕುರ್ಚಿ ಎಳೆದುಕೊಟ್ಟ. ಕೂರಲು ಆಗಲಿಲ್ಲ. ಇನ್ನೊಬ್ಬ ಹೊಸ ರೋಬೋಟಿನ ನಕ್ಷೆಯನ್ನು ತಂಗಿಯ ಕಡೆ ಸರಿಸಿ, "ಮುಂದಿನ್ ಚಕ್ರ ಯಾವ್ದ್ ಆಕಣ?" ಎಂದ. ಅವಳು ಪೆನ್ಸಿಲ್ ತೆಗೆದುಕೊಂಡಳು, ನನ್ನ ಕಡೆ ನೋಡಲಿಲ್ಲ. ಬಸ್‌ಸ್ಟ್ಯಾಂಡಿಗೆ ನಾನೊಬ್ಬಳೇ ನಡೆದೆ.