ಮಳೆಯ ಪುಟದಲ್ಲಿ ಉಳಿದಿದ್ದ ಮಾತು

ಮೂಡಿಗೆರೆಯಲ್ಲಿ ಬೆಳೆಗಾರರೇ ಸೇರಿ ನಡೆಸುವ ಸಣ್ಣ ಕಚೇರಿಯೊಂದರಲ್ಲಿ ನನಗೆ ಕೆಲಸ. ಕಳಸ, ಬಣಕಲ್, ಆಲ್ದೂರು ಕಡೆಯ ಎಸ್ಟೇಟುಗಳು ಕಳಿಸುವ ಮಳೆಯ ಲೆಕ್ಕವನ್ನು ತೋರಿಸುವ ವೆಬ್ ಪುಟ ನಮ್ಮದು. ಅದರಲ್ಲೊಂದು ಬಟನ್. ಒತ್ತಿದರೆ ಸರ್ವರ್‌ನಲ್ಲಿರುವ ಸ್ಕ್ರಿಪ್ಟ್ ಎಂಬ ಚಿಕ್ಕ ಪ್ರೋಗ್ರಾಂ ಓಡಿ, ಹಿಂದಿನ ದಿನ ಯಾವ ಊರಿನಲ್ಲಿ ಎಷ್ಟು ಮಳೆಯಾಯಿತೆಂದು ತಂದುಕೊಡುತ್ತದೆ. ಅದನ್ನು ಬರೆದವರು ನನ್ನ ಪಕ್ಕದ ಮೇಜಿನ ಸಹೋದ್ಯೋಗಿ. ಈ ಬೇಸಿಗೆಯಲ್ಲಿ, ಕಾಫಿ ಹೂವು ಉದುರುವ ಹೊತ್ತಿಗೆ, ಹೃದಯಾಘಾತವಾಗಿ ತೀರಿಕೊಂಡರು.

ಮಳೆಗಾಲ ಹಿಡಿದ ಮೇಲೆ ಒಂದು ಬೆಳಿಗ್ಗೆ ಬಣಕಲ್ಲಿನ ಬೆಳೆಗಾರರೊಬ್ಬರು ಫೋನ್ ಮಾಡಿದರು.

"ಮೇಡಂ, ಬಟನ್ ಒತ್ತಿದ್ರೆ ಲೆಕ್ಕ ಬರ್ತಿಲ್ಲ. 'ಸ್ವಲ್ಪ ತಡೀರಿ ಮಾರಾಯ್ರೆ, ನೋಡ್ತಾ ಇದ್ದೀನಿ' ಅಂತ ಬರ್ತಿದೆ." ಆಮೇಲೆ, "ಇದು ಅವ್ರ ಮಾತಲ್ವಾ?" ಅಂದರು.

ಅವರದೇ ಮಾತು; ಯಾರು ಫೋನ್ ಮಾಡಿದರೂ ಹೀಗೇ ಅನ್ನುತ್ತಿದ್ದರು. ಸರ್ವರ್ ದೋಷ ಬಂದಾಗ ತೋರಿಸಲೆಂದು ಯಾವತ್ತೋ ಬರೆದಿಟ್ಟಿದ್ದರು. ಅವರಿದ್ದಾಗ ಪುಟ ಕೆಟ್ಟದ್ದೇ ಇಲ್ಲ, ಹಾಗಾಗಿ ಯಾರೂ ಅದನ್ನು ನೋಡಿರಲಿಲ್ಲ. ನಾನು ಒತ್ತಿದೆ. ನನಗೂ ಅದೇ ಬಂತು. ಖಾಲಿ ಕುರ್ಚಿಯ ಕಡೆ ತಿರುಗದೆ ಇರಲಾಗಲಿಲ್ಲ.

ಹುಡುಕಲು ಕೂತೆ. ಸರ್ವರ್‌ಗೆ ಹೋಗಿ ನಾನೇ ಸ್ಕ್ರಿಪ್ಟ್ ಓಡಿಸಿದರೆ ಲೆಕ್ಕ ಸರಿಯಾಗಿಯೇ ಬರುತ್ತಿತ್ತು. ಪುಟದಿಂದ ಓಡಿಸಿದರೆ ಮಾತ್ರ ಆ ಮಾತು. ಅಂದರೆ ಅವರು ಬರೆದದ್ದರಲ್ಲಿ ತಪ್ಪಿರಲಿಲ್ಲ. ದೋಷಗಳನ್ನು ಬರೆದಿಡುವ ಫೈಲ್ ತೆರೆದೆ. ಸ್ಕ್ರಿಪ್ಟಿನ ಒಡೆಯ ಸಿಗುತ್ತಿಲ್ಲ ಎಂಬ ಒಂದೇ ಸಾಲು, ಮತ್ತೆ ಮತ್ತೆ. ಸ್ಕ್ರಿಪ್ಟಿನ ವಿವರ ನೋಡಿದರೆ, ಅವರ ಹೆಸರಿದ್ದ ಜಾಗದಲ್ಲಿ ಬರೀ ಅಂಕಿಗಳು. ಸರ್ವರ್ ನೋಡಿಕೊಳ್ಳುವವರು ನಿಯಮದಂತೆ ಮೊನ್ನೆ ಅವರ ಖಾತೆ ಅಳಿಸಿದ್ದರು. ಪುಟ ಮಾತ್ರ ಸ್ಕ್ರಿಪ್ಟನ್ನು ಒಡೆಯರ ಹೆಸರಿನಲ್ಲೇ ಓಡಿಸಬೇಕಾಗಿ, ಪ್ರತಿ ಸಲವೂ ಅವರನ್ನೇ ಕೇಳುತ್ತಿತ್ತು.

ಮಧ್ಯಾಹ್ನ ಅವರ ಹೆಂಡತಿ ಆಲ್ದೂರಿನಿಂದ ಬಸ್ಸಿನಲ್ಲಿ ಬಂದರು. ಕೊಡೆಯನ್ನು ಬಾಗಿಲಲ್ಲಿಟ್ಟು, ಫೋನ್ ತೆರೆದು ನನ್ನ ಮುಂದೆ ಹಿಡಿದರು. ಅದರಲ್ಲೂ ಅದೇ ಪುಟ.

"ಅಕ್ಕ, ಮೊನ್ನೆಯಿಂದ ಇದನ್ನೇ ಒತ್ತುತ್ತಾ ಕೂತಿದ್ದೀನಿ. ಎಷ್ಟು ಸಲ ಒತ್ತಿದ್ರೂ ಉತ್ರ ಕೊಡ್ತಾರೆ. ನೀವು ಸರಿ ಮಾಡಿದ್ರೆ ಹೋಗಿಬಿಡುತ್ತಾ?"

"ಹೋಗುತ್ತೆ," ಅಂದೆ. "ಬೇಕಾದ್ರೆ ಇವತ್ತೊಂದಿನ ಹಾಗೇ ಬಿಡ್ತೀನಿ."

ಆಕೆ ಗಂಡನ ಕುರ್ಚಿಯಲ್ಲಿ ಕೂತು ಇನ್ನೊಮ್ಮೆ ಒತ್ತಿದರು. ತುಟಿ ಅಲ್ಲಾಡಿಸುತ್ತಾ ಓದಿಕೊಂಡರು.

"ಬೇಡ. ಮಳೆ ಲೆಕ್ಕ ನೋಡಿ ತೋಟಕ್ಕೆ ಔಷಧಿ ಹೊಡಿಯೋರು ಕಾಯ್ತಿರ್ತಾರೆ. ಸರಿ ಮಾಡಿ."

ಒಡೆಯರ ಜಾಗಕ್ಕೆ ನನ್ನ ಹೆಸರು ಹಾಕಿದೆ. ಚಿಕ್ಕದೊಂದು ಆದೇಶ, ಅಷ್ಟೇ. ಎಂಟರ್ ಒತ್ತುವಾಗ ಯಾರೋ ಹಿಂದೆ ನಿಂತು ಪರದೆ ನೋಡುತ್ತಿದ್ದಾರೆ ಅನ್ನಿಸಿತು. ಆಕೆಯೂ ನನ್ನ ಬೆನ್ನ ಹಿಂದಕ್ಕೇ ನೋಡುತ್ತಿದ್ದರು.

"ಈಗ ಒತ್ತಿ," ಅಂದೆ.

ಒತ್ತಿದರು. ಊರುಗಳು ಒಂದರ ಕೆಳಗೊಂದು ಬಂದವು. ಆಲ್ದೂರಿನ ಸಾಲಿನ ಮೇಲೆ ಬೆರಳಿಟ್ಟು ಆಕೆ ತುಂಬಾ ಹೊತ್ತು ನೋಡಿದರು.

"ನಿನ್ನೆ ನಮ್ಮೂರಲ್ಲಿ ಇಷ್ಟು ಮಳೆ ಬಂತಾ?" ಅಂದರು. "ಇದನ್ನೇ ಒತ್ತುತ್ತಾ ಮನೇಲೇ ಇದ್ದೆ. ಸದ್ದೇ ಕೇಳ್ಲಿಲ್ಲ."